ಬಿಳಿ ಸೀಟು ತಪ್ಪೇ ಎಂದು ದೃಢೀಕರಿಸುವ ಬಗ್ಗೆ

ಇಂದ,
ವರ್ಲಿನ್ ಸ್ಟ್ಯಾಂಪರ್,
ಕಾರು ಕಾರ್ಖಾನೆಯ ನಿವೃತ್ತ ಸೀಟು ಜೋಡಣೆಗಾರ,
ಹಳೇ ಗಿರಣಿ ರಸ್ತೆ, ಕಾಲ್ಡರ್ಸ್‌ಬರ್ಗ್, ಒಹಾಯೊ.

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಅಸಲಿತನ ನಿರ್ಣಯ ಸಮಿತಿ,
ನದಿ ದಂಡೆಯ ಹಳೇ ಕಾರುಗಳ ಸಂಘ, ಕಾಲ್ಡರ್ಸ್‌ಬರ್ಗ್.

ವಿಷಯ: ಸಿಸ್ಟರ್ ಲವೋನ್ ಕ್ರೈಡರ್ ಅವರ 1970ರ ಮಾಡೆಲ್ಲಿನ, ಕಿತ್ತಳೆ ಬಣ್ಣದ, ಎರಡು ಬಾಗಿಲಿನ, ಭಾರಿ ಎಂಜಿನ್ನಿನ ಮಸಲ್ ಕಾರಿನ ಬಲಗಡೆಯ ಬಿಳಿ ಸೀಟು ವಿಶೇಷವಲ್ಲ, ತಪ್ಪು ಎಂದು ದೃಢೀಕರಿಸಿ, ಸದರಿ ಕಾರನ್ನು ಮಾತಾದ ಬೆಲೆಗೇ ಕೊಳ್ಳಲು ಅನುವು ಮಾಡಿಕೊಡುವ ಬಗ್ಗೆ.

ಉಲ್ಲೇಖ: 1) ಕಾರ್ಖಾನೆಯ ಮೇಸ್ತ್ರಿ ಡ್ಯುಗನ್ ಅವರ ಎಚ್ಚರಿಕೆ ಚೀಟಿ, 14 ನವೆಂಬರ್ 1969, ಶುಕ್ರವಾರ.
2) ಸಿಸ್ಟರ್ ಕ್ರೈಡರ್ ಅವರ ಮನೆಯ ಜಗಲಿಯಲ್ಲಿ ಕೈ ಕುಲುಕಿ ಆದ ಮಾತು. ಬರಹದಲ್ಲಿ ಇಲ್ಲ.
3) ಸದರಿ ಕಾರಿಗೆ ತಮ್ಮ ಸಮಿತಿ ಕಟ್ಟಿರುವ ಹಗ್ಗ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರನ ವಯಸ್ಸು ಎಪ್ಪತ್ತೇಳು. ಓದಿದ್ದು ಕೆಂಟಕಿಯ ಗುಡ್ಡದ ಮೇಲಿನ ಶಾಲೆಯಲ್ಲಿ ಏಳನೇ ತರಗತಿ. ಯೂನಿಯನ್ನಿನ ದೂರಿನ ಫಾರಂ ಬಿಟ್ಟರೆ ಅವನು ಬೇರೆ ಯಾವ ಅರ್ಜಿಯನ್ನೂ ಬರೆದವನಲ್ಲ. ಆ ಫಾರಮ್ಮಿನಲ್ಲಿ ‘ನಾನು’ ಎಂದು ಬರೆಯುವಂತಿರಲಿಲ್ಲ. ಕಾರಣ, ಇಲ್ಲಿಯೂ ಅರ್ಜಿದಾರನನ್ನು ಅರ್ಜಿದಾರ ಎಂದೇ ಬರೆಯಲಾಗಿದೆ.

1. ಸದರಿ ದಿನ ಅರ್ಜಿದಾರನ ಕೆಲಸ ಬಲಗಡೆಯ ಮುಂದಿನ ಸೀಟು ಕೂರಿಸುವುದು. ಮೇಲಿನ ಮಹಡಿಯಲ್ಲಿ ಹೆಂಗಸರು ಸೀಟು ಹೊಲಿಯುತ್ತಿದ್ದರು. ಹೊಲಿದ ಸೀಟು ಕೊಕ್ಕೆಗೆ ನೇತುಬಿದ್ದು, ಸಾಲಾಗಿ, ಕಾರುಗಳು ಬರುವ ಕ್ರಮದಲ್ಲೇ ಕೆಳಗೆ ಬರುತ್ತಿತ್ತು. ಕಾರಿನ ಮೂತಿಗೆ ಅಂಟಿಸಿದ ಚೀಟಿ ನೋಡಬೇಕು, ಸೀಟು ಇಳಿಸಬೇಕು, ನಾಲ್ಕು ಬೋಲ್ಟು ಬಿಗಿಯಬೇಕು. ನಿಮಿಷಕ್ಕೆ ಒಂದು ಕಾರು. ಎರಡು ವರ್ಷ ಅರ್ಜಿದಾರ ತಪ್ಪಿರಲಿಲ್ಲ.

2. ಮಧ್ಯಾಹ್ನ ಮೂರು ಗಂಟೆಗೆ ಹೊಲಿಗೆ ವಿಭಾಗದ ಹುಡುಗಿಯೊಬ್ಬಳು ಮೆಟ್ಟಿಲಿಳಿದು ನೇರವಾಗಿ ಅರ್ಜಿದಾರನ ಮುಂದೆ ಬಂದು ನಿಂತಳು. ಹೆಸರು ಓಪಲ್. ಆಗ ಹೆಸರು ಗೊತ್ತಿರಲಿಲ್ಲ.

“ಬಿಳಿ ಸೀಟಿನ ಮೇಲೆಲ್ಲ ಗ್ರೀಸಿನ ಕೈ ಒರೆಸೋ ಮಹಾನುಭಾವ ನೀನೇನಾ?”

“ಕೈಗವಸು ಕಣಮ್ಮ, ಕೈಯಲ್ಲ.”

“ನಾನು ಬೆರಳು ಚುಚ್ಚಿಸ್ಕೊಂಡು ಹೊಲಿಯೋದು, ನೀನು ಒರೆಸೋ ಬಟ್ಟೆ ಮಾಡ್ಕೊಳ್ಳೋದು. ತೆಗಿ ಅದನ್ನ. ಕೈ ತೊಳ್ಕೊಳ್ಳೋಕೆ ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?”

ಅರ್ಜಿದಾರ ಕೈಗವಸು ತೆಗೆದ. ಕೈ ತೊಳೆದ. ತೊಳೆದ ಕೈಯಿಂದ ಅವಳದೇ ಬಿಳಿ ಸೀಟನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ, ಅವಳ ಮುಖವನ್ನೇ ನೋಡುತ್ತ, ಮುಂದಿದ್ದ ಕಾರಿಗೆ ಕೂರಿಸಿ ನಾಲ್ಕು ಬೋಲ್ಟೂ ಬಿಗಿದ. ಆ ಕಾರಿನ ಒಳಗೆಲ್ಲ ಕಪ್ಪು. ಎಡಗಡೆಯ ಸೀಟೂ ಕಪ್ಪು.

3. ಮುಂದಿನ ಕಾರು ಒಳಗೆಲ್ಲ ಬಿಳಿಯದು. ಅದು ಬಂದಾಗ ಕೊಕ್ಕೆಯಲ್ಲಿ ಕಪ್ಪು ಸೀಟು ನೇತಾಡುತ್ತಿತ್ತು. ಮೇಸ್ತ್ರಿ ಡ್ಯುಗನ್ ಕೂಗಿದರು: “ಲೋ ಸ್ಟ್ಯಾಂಪರ್! ಸೀಟು ಹಾಕ್ತಿದ್ಯೋ, ಚದುರಂಗದ ಮಣೆ ಮಾಡ್ತಿದ್ಯೋ?” ಅಷ್ಟರಲ್ಲಿ ಮೊದಲಿನ ಕಾರು ಬಾಗಿಲು ದಾಟಿತ್ತು. ಹೊರಗೆ ರಿಪೇರಿ ಅಂಗಳದಲ್ಲಿ ಇದ್ದವರೂ ಶುಕ್ರವಾರ ಸಂಜೆಯ ಮನುಷ್ಯರೇ ಆದ್ದರಿಂದ ಅದು ಹಾಗೆಯೇ ರೈಲು ಹತ್ತಿತು.

4. ಅರ್ಜಿದಾರನಿಗೆ ಮೂರು ದಿನ ಮನೆಗೆ ಕಳಿಸುವ ಶಿಕ್ಷೆಯಾಯಿತು. ಚೀಟಿಯಲ್ಲಿ ಕಾರಣದ ಜಾಗದಲ್ಲಿ ಡ್ಯುಗನ್ ಅವರು “ಬೇರೆ ಕಡೆ ನೋಡುತ್ತಿದ್ದ” ಎಂದು ಬರೆದಿದ್ದಾರೆ. ಅದು ನಿಜ. ಎರಡನೆಯ ದಿನ ಸದರಿ ಓಪಲ್ ಒಂದು ಪಾತ್ರೆ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ಹಿಡಿದುಕೊಂಡು ಅರ್ಜಿದಾರನ ಬಾಡಿಗೆ ಕೋಣೆಯ ಬಾಗಿಲಿಗೆ ಬಂದು, “ನನ್ನಿಂದ ಆಗಿದ್ದು ಅಂತ ತಿಳ್ಕೋಬೇಡ. ಸಾರು ಉಳಿದಿತ್ತು, ಅಷ್ಟೇ,” ಎಂದಳು. ಮುಂದಿನ ಜೂನಿನಲ್ಲಿ ಮದುವೆ. ಇದು ಸಮಿತಿಗೆ ಸಂಬಂಧಪಟ್ಟದ್ದಲ್ಲವಾದರೂ ಕ್ರಮ ತಪ್ಪಬಾರದೆಂದು ನಮೂದಿಸಲಾಗಿದೆ.

5. ಮರುವರ್ಷದ ಈಸ್ಟರಿನಂದು ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಅಂಗಳಕ್ಕೆ ಬ್ರದರ್ ಮರ್ಲ್ ಕ್ರೈಡರ್ ಹೊಸ ಕಾರು ತಂದು ನಿಲ್ಲಿಸಿದರು. ನಮ್ಮ ಚರ್ಚಿನಲ್ಲಿ ಎಲ್ಲರೂ ಬ್ರದರ್, ಸಿಸ್ಟರ್. ಕಿತ್ತಳೆ ಬಣ್ಣ. ಒಳಗೆ ಕಪ್ಪು. ಒಂದು ಸೀಟು ಬಿಳಿ. ಎಲ್ಲರೂ ಬಾನೆಟ್ಟಿನ ಕೆಳಗೆ ತಲೆ ತೂರಿಸಿ ಎಂಟು ಸಿಲಿಂಡರು ಎಣಿಸುತ್ತಿದ್ದರೆ ಅರ್ಜಿದಾರ ಒಬ್ಬನೇ ಕಿಟಕಿಯಲ್ಲಿ ಇಣುಕಿ ನೋಡಿ ಸುಮ್ಮನೆ ಒಳಗೆ ಹೋಗಿ ಪ್ರಾರ್ಥನೆಗೆ ಕುಳಿತ.

ಬ್ರದರ್ ಮರ್ಲ್ ಐವತ್ತು ವರ್ಷ ಅದೇ ಮಾತು ಆಡಿದರು. “ಯಾವ ಕುರುಡ ಈ ಸೀಟು ಹಾಕಿದ್ನೋ, ಬ್ರದರ್ ಸ್ಟ್ಯಾಂಪರ್!” ಅರ್ಜಿದಾರ ಐವತ್ತು ವರ್ಷ ಅದೇ ಉತ್ತರ ಕೊಟ್ಟ. “ಹೌದು, ಬ್ರದರ್.”

ಆದರೂ ಅವರು ಸೀಟು ಬದಲಾಯಿಸಲಿಲ್ಲ. ಬದಲಾಯಿಸಿದರೆ ಬೈಯಲು ಏನೂ ಉಳಿಯುತ್ತಿರಲಿಲ್ಲ. ಅವರ ಹೆಂಡತಿ ಸಿಸ್ಟರ್ ಲವೋನ್ ಅಂತೂ “ಆ ಗುಡುಗಿನ ಒಳಗೆ ನಾನು ಕೂರಲ್ಲ” ಎಂದು ಒಮ್ಮೆಯೂ ಅದನ್ನು ಹತ್ತಲಿಲ್ಲ. ಆದ್ದರಿಂದ ಬಿಳಿ ಸೀಟಿನ ಮೇಲೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹಾಳೆ ಇಂದಿಗೂ ಇದೆ. ಅದರ ಮೇಲೆ ಯಾರೂ ಕುಳಿತಿಲ್ಲ.

6. ಓಪಲ್ ಇಪ್ಪತ್ತೆರಡು ವರ್ಷ ಇಂಥ ಕಾರುಗಳಿಗೆ ಸೀಟು ಹೊಲಿದಳು. ಒಂದರಲ್ಲೂ ಕುಳಿತವಳಲ್ಲ. ಐದು ಮಕ್ಕಳ ಮನೆಗೆ ಎರಡು ಬಾಗಿಲಿನ ಕಾರು ಏನಕ್ಕೆ? ಮೊದಲು ವ್ಯಾನು, ಆಮೇಲೆ ಪಿಕಪ್ಪು, ಈಗಲೂ ಪಿಕಪ್ಪು. ಅವಳು ಅದನ್ನು ಕೊರಗು ಎಂದು ಹೇಳಿದ್ದಿಲ್ಲ. ಚರ್ಚಿನಿಂದ ಹೊರಗೆ ಬರುವಾಗ ಆ ಕಿಟಕಿಯ ಗಾಜನ್ನು ತೋಳಿನಿಂದ ಒರೆಸಿ, “ಹೊಲಿಗೆ ಬಿಟ್ಟಿಲ್ಲ, ನೋಡು,” ಎನ್ನುತ್ತಿದ್ದಳು, ಅಷ್ಟೇ.

ಬರುವ ಅಕ್ಟೋಬರಿನಲ್ಲಿ ಅವಳಿಗೆ ಸೊಂಟದ ಆಪರೇಷನ್ ಇದೆ. ಆಮೇಲೆ ತಗ್ಗಿನ ಸೀಟಿನಲ್ಲಿ ಕೂರುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಸದರಿ ಕಾರು ಎಷ್ಟು ತಗ್ಗು ಎಂಬುದು ಸಮಿತಿಗೆ ತಿಳಿದೇ ಇದೆ. ಕಾರಣ ಅವಸರ.

7. ಬ್ರದರ್ ಮರ್ಲ್ ತೀರಿಕೊಂಡ ಮೇಲೆ ಅರ್ಜಿದಾರ ಸಿಸ್ಟರ್ ಲವೋನ್ ಅವರ ಜಗಲಿಗೆ ಹೋಗಿ ಟೋಪಿ ತೆಗೆದು, “ಆ ಕುರುಡ ನಾನೇ, ಸಿಸ್ಟರ್,” ಎಂದು ಒಪ್ಪಿಕೊಂಡ. ಅವರು ಕಣ್ಣೀರು ಬರುವಷ್ಟು ನಕ್ಕರು. “ಅಯ್ಯೋ, ಮರ್ಲ್‌ಗೆ ಗೊತ್ತಿದ್ದಿದ್ರೆ ನಿಮ್ಮ ಮನೆ ಮುಂದೆ ದಿನಾ ಬಂದು ಬೈತಿದ್ರು! ನಿಮ್ಮ ತಪ್ಪನ್ನ ನೀವೇ ತಗೊಂಡು ಹೋಗಿ, ಬ್ರದರ್,” ಎಂದು ಹಳೇ ಕಾರಿನ ಬೆಲೆ ಹೇಳಿದರು. ಕೈ ಕುಲುಕಿದ್ದಾಯಿತು.

8. ಅವರ ಮಗ ಗ್ಯಾರೆಟ್ ಕೆಟ್ಟವನಲ್ಲ. ಅವನು ಸೀಟಿನ ಫೋಟೋ ತೆಗೆದು ತಮ್ಮ ಸಮಿತಿಗೆ ಕಳಿಸಿದ. ಸಮಿತಿಯಿಂದ ಶ್ರೀ ಓಸ್ಟರ್ ಬಿಳಿ ಕೈಗವಸು, ಟಾರ್ಚು, ಉದ್ದ ಹಿಡಿಯ ಕನ್ನಡಿಯೊಂದಿಗೆ ಬಂದು ಕಾರಿನ ಕೆಳಗೆ ಒಂದು ಗಂಟೆ ಮಲಗಿದ್ದು, ಎದ್ದು ಹೇಳಿದ್ದು:

“ಮೇಡಂ, ಇದು ಲೋಕಕ್ಕೆಲ್ಲ ಒಂದೇ. ಯಾರೋ ದೊಡ್ಡ ಮನುಷ್ಯರು ಬೇಕಂತ್ಲೇ ಹೀಗೆ ಮಾಡಿಸ್ಕೊಂಡಿದ್ದಾರೆ.”

“ಬೇಕಂತ ಅಲ್ಲ ಸ್ವಾಮಿ,” ಎಂದ, ಓಪಲ್ ಜೊತೆ ಅಲ್ಲೇ ನಿಂತಿದ್ದ ಅರ್ಜಿದಾರ. “ನಾನು ನೋಡ್ಕೊಳ್ದೆ ಹಾಕಿದ್ದು.”

“ಎಲ್ರೂ ಹಾಗೇ ಹೇಳ್ತಾರೆ, ಸರ್.”

“ಬೇಕಂತ ಮಾಡಿಸಿದ್ದಕ್ಕೆ ಮೂರು ದಿನ ಮನೆಗೆ ಕಳಿಸ್ತಾರಾ?”

ಇಷ್ಟು ಹೇಳಿ ಅರ್ಜಿದಾರ ಬೈಬಲ್ಲಿನ ನಡುವೆ ಇಟ್ಟುಕೊಂಡಿದ್ದ ಚೀಟಿಯನ್ನು ತೋರಿಸಿದ. ಶ್ರೀ ಓಸ್ಟರ್ ಎರಡೂ ಕೈ ಚಾಚಿದರು. “ಮಡಚ್ಬೇಡಿ! ದಯವಿಟ್ಟು ಮಡಚ್ಬೇಡಿ!” ಕಾರ್ಖಾನೆಯ ತಪ್ಪು, ಅದಕ್ಕೆ ಕಾಗದದ ಸಾಕ್ಷಿ, ಮಾಡಿದ ಮನುಷ್ಯ ಇನ್ನೂ ಬದುಕಿರುವುದು: ಇಂಥದ್ದು ತಮ್ಮ ಸರ್ವಿಸಿನಲ್ಲೇ ನೋಡಿಲ್ಲವೆಂದೂ, ಬೆಲೆ ಎರಡರಷ್ಟಾಯಿತೆಂದೂ ತಿಳಿಸಿದರು.

9. ಆಗ ಓಪಲ್ ನ್ಯಾಯ ಬಗೆಹರಿಸಲು ಮುಂದೆ ಬಂದು, “ಇದರಲ್ಲಿ ಅಂಥ ವಿಶೇಷ ಏನಪ್ಪಾ? ನಾನೇ ಹೊಲಿದಿದ್ದು. ಅಡಿಯಲ್ಲಿ ನೀಲಿ ಸೀಮೆಸುಣ್ಣದಲ್ಲಿ ನನ್ನ ನಂಬರು ನಲವತ್ತೊಂದು ಅಂತ ಇರುತ್ತೆ, ನೋಡ್ಕೋ,” ಎಂದಳು. ಶ್ರೀ ಓಸ್ಟರ್ ಕನ್ನಡಿ ತೂರಿಸಿ ನೋಡಿದರು. ಇತ್ತು. ಬೆಲೆ ಮೂರರಷ್ಟಾಯಿತು.

“ವರ್ಲಿನ್,” ಎಂದಳು ಓಪಲ್, “ನಾವಿಬ್ರೂ ಇನ್ನೊಂದೇ ಒಂದು ನಿಜ ಹೇಳಿದ್ರೆ ಮನೆ ಮಾರಿದ್ರೂ ಈ ಕಾರು ಬರಲ್ಲ. ನಡಿ, ಬಾಯ್ಮುಚ್ಕೊಂಡು ನಡಿ.”

10. ಸಮಿತಿ ಇದನ್ನು ಸಾಧಾರಣ ಹಳೇ ಕಾರು ಎಂದು ಹೇಳಿದರೆ ಅಮ್ಮ ಕೊಟ್ಟ ಮಾತೇ ನಡೆಯಲಿ, ಅಪರೂಪದ್ದು ಎಂದರೆ ಸೆಪ್ಟೆಂಬರಿನಲ್ಲಿ ಹರಾಜಿಗೆ ಹೋಗಲಿ ಎಂದು ಗ್ಯಾರೆಟ್ ತೀರ್ಮಾನಿಸಿದ. ಕಾರಿನ ಕಾಗದದಲ್ಲಿ ಅವನ ಹೆಸರೂ ಇದೆ. ಸಿಸ್ಟರ್ ಲವೋನ್ ಅರ್ಜಿದಾರನನ್ನು ಗೇಟಿನವರೆಗೆ ಬಿಟ್ಟು, “ಬೆಲೆ ಇಳಿಸೋ ದಾರಿ ಏನಾದ್ರೂ ಇದ್ರೆ ಹುಡುಕಿ, ಬ್ರದರ್. ನಾನು ಅಡ್ಡ ಬರಲ್ಲ,” ಎಂದು ಪಿಸುಗುಟ್ಟಿದರು.

11. ಹೊರಡುವ ಮುಂಚೆ ಓಪಲ್ ಸೊಂಟ ಹಿಡಿದುಕೊಂಡು, ಬಾಗಿಲು ತೆಗೆದು, ಬಗ್ಗಿ, “ಒಂದೇ ನಿಮಿಷ ಕೂತು ನೋಡ್ತೀನಿ,” ಎಂದಳು. ಶ್ರೀ ಓಸ್ಟರ್ ಚೀರಿದ್ದು ಪಕ್ಕದ ಬೀದಿಗೆ ಕೇಳಿಸಿತು.

“ಕೂರ್ಬೇಡಿ! ಒಂದ್ಸಲ ಕೂತ್ರೆ ಎಲ್ಲಾ ಹೋಯ್ತು! ಪ್ಲಾಸ್ಟಿಕ್ ಒಡೆಯುತ್ತೆ, ಹೊಲಿಗೆ ಜಗ್ಗುತ್ತೆ, ಬೆಲೆ ನೆಲ ಕಚ್ಚುತ್ತೆ!”

“ನನ್ನ ಹೊಲಿಗೆ ಜಗ್ಗಲ್ಲಪ್ಪಾ,” ಎಂದಳು ಓಪಲ್. ಆದರೂ ನೆಟ್ಟಗಾಗಿ ಪಿಕಪ್ಪಿನ ಕಡೆಗೆ ನಡೆದಳು. ಹಿಂದೆಯೇ ಬಾಗಿಲಿಗೆ ಹಗ್ಗ ಬಿತ್ತು.

12. ಸದರಿ ಚೀರಾಟವನ್ನು ಅರ್ಜಿದಾರ ನಾಲ್ಕು ದಿನ ಕೂತು ಯೋಚಿಸಿದ. ಅವನಿಗೆ ತಿಳಿದುಬಂದದ್ದು ಇಷ್ಟು. ಅರ್ಜಿದಾರ ತಪ್ಪು ಒಪ್ಪಿಕೊಂಡರೆ ಬೆಲೆ ಏರುತ್ತದೆ. ಸಾಕ್ಷಿ ಕೊಟ್ಟರೆ ಏರುತ್ತದೆ. ಹೊಲಿದವಳು ಬಂದರೆ ಏರುತ್ತದೆ. ಬಹುಶಃ ಈ ಅರ್ಜಿಯಿಂದಲೂ ಏರಿರುತ್ತದೆ. ಈ ಕಾರಿನ ಬೆಲೆ ಇಳಿಯಲು ಸಮಿತಿಯೇ ಬಾಯಿಬಿಟ್ಟು ಹೇಳಿರುವ ದಾರಿ ಒಂದೇ ಒಂದು. ಅದು ಸೀಟಿನಲ್ಲಿ ಕೂರುವುದು.

ಆದ್ದರಿಂದ ಸಮಿತಿಯವರಲ್ಲಿ ಕೋರುವುದೇನೆಂದರೆ:

(ಅ) ಸದರಿ ಬಿಳಿ ಸೀಟು ತಪ್ಪು ಎಂದು ದೃಢೀಕರಿಸತಕ್ಕದ್ದು.

(ಆ) ಸಮಿತಿಯ ಗೌರವಕ್ಕೆ ಕುಂದೆಂದು ಅದು ಆಗದಿದ್ದಲ್ಲಿ, ಬರುವ ಭಾನುವಾರ ಚರ್ಚು ಮುಗಿದ ಮೇಲೆ ಹಗ್ಗ ಬಿಚ್ಚಿ, ಓಪಲ್ ಅವರನ್ನು ಸದರಿ ಸೀಟಿನಲ್ಲಿ ಕೂರಿಸಿಕೊಂಡು ನದಿ ರಸ್ತೆಯಲ್ಲಿ ಇಪ್ಪತ್ತೆರಡು ಮೈಲಿ ಹೋಗಿಬರಲು ಅರ್ಜಿದಾರನಿಗೆ ಅನುಮತಿ ನೀಡತಕ್ಕದ್ದು. ಮಾಲೀಕರಾದ ಸಿಸ್ಟರ್ ಲವೋನ್ ಬೀಗದ ಕೈ ಕೊಡಲು ಒಪ್ಪಿದ್ದಾರೆ. ನಡುವೆ ಐಸ್‌ಕ್ರೀಮ್ ಗೂಡಂಗಡಿಯ ಹತ್ತಿರ ನಿಲ್ಲಿಸಲಾಗುವುದು. ಓಪಲ್ ಅವರಿಗೆ ಚಾಕೊಲೇಟಿನ ಕೋನು. ಕರವಸ್ತ್ರ ಕೊಡಲಾಗುವುದಿಲ್ಲ.

(ಇ) ಬೆಲೆ ಇಳಿಯುವುದನ್ನು ಮೈಲಿ ಮೈಲಿಗೂ ಬರೆದುಕೊಳ್ಳಲು ಶ್ರೀ ಓಸ್ಟರ್ ಹಿಂದಿನ ಸೀಟಿನಲ್ಲಿ ಬರಬಹುದು. ಅವರ ಕಾಲು ಉದ್ದ, ಸ್ವಲ್ಪ ಮಡಚಿಕೊಳ್ಳಬೇಕಾಗುತ್ತದೆ.

(ಈ) ಬೆಲೆಯು ಜಗಲಿಯ ಮಾತಿಗೆ ಬಂದು ನಿಂತ ಕೂಡಲೇ ತಿಳಿಸತಕ್ಕದ್ದು. ಅಲ್ಲೇ ಕಾರು ನಿಲ್ಲಿಸಿ ಕೊಳ್ಳಲಾಗುವುದು. ಇಪ್ಪತ್ತೆರಡು ಮೈಲಿಗೂ ಇಳಿಯದಿದ್ದಲ್ಲಿ ಇನ್ನೊಂದು ಸುತ್ತು ಹೋಗಲು ಓಪಲ್ ಅವರ ಒಪ್ಪಿಗೆ ಇದೆ. ಅಕ್ಟೋಬರಿನವರೆಗೆ ಒಟ್ಟು ಒಂಬತ್ತು ಭಾನುವಾರಗಳಿವೆ.

ತಮ್ಮ ಹಗ್ಗಕ್ಕೆ ಇದುವರೆಗೂ ಕೈ ಹಾಕದ,
ವರ್ಲಿನ್ ಸ್ಟ್ಯಾಂಪರ್

ಲಗತ್ತುಗಳು:
1. ಎಚ್ಚರಿಕೆ ಚೀಟಿ: ನಕಲು. ಅಸಲನ್ನು ಕೊಡಲಾಗುವುದಿಲ್ಲ, ಬೆಲೆ ಏರುತ್ತದೆ.
2. ತಗ್ಗಿನ ಸೀಟಿನ ಬಗ್ಗೆ ಡಾಕ್ಟರ ಪತ್ರ.
3. ಓಪಲ್ ಸ್ಟ್ಯಾಂಪರ್: ಅಸಲು. ಸಮಿತಿಯ ಕಚೇರಿಯ ಹೊರಗೆ ಪಿಕಪ್ಪಿನಲ್ಲಿ ಕುಳಿತಿದ್ದಾರೆ. ನಕಲು ಇರುವುದಿಲ್ಲವಾದ್ದರಿಂದ ಪರಿಶೀಲಿಸಿದ ಕೂಡಲೇ ಅರ್ಜಿದಾರನಿಗೆ ಹಿಂದಿರುಗಿಸತಕ್ಕದ್ದು.