ಕೆಡದ ಕಾರಿಗೊಂದು ವಾರಂಟಿ

ಬೇರೆಯವರ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳುವುದು ನನಗೆ ನೀರು ಕುಡಿದಷ್ಟು ಸುಲಭ. ಕೂಡ್ಲಿಗಿಯ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಹೆಸರು ಹುಲಿಗೆಮ್ಮ, ಆದರೆ ಆ ಹೆಸರು ಹಿಡಿದು ಕರೆಯುವವರು ಕೊಟ್ಟೂರಿನ ನಮ್ಮ ಮನೆಯಲ್ಲಿ ಅತ್ತೆ ಮತ್ತು ಗಂಡ ಇಬ್ಬರೇ, ಉಳಿದ ಲೋಕಕ್ಕೆಲ್ಲ ನಾನು ಸಿಸ್ಟರ್. ಯಾರನ್ನು ಮೊದಲು ನೋಡಬೇಕು, ಯಾರನ್ನು ದೊಡ್ಡಾಸ್ಪತ್ರೆಗೆ ಸಾಗಿಸಬೇಕು, ಯಾವ ಹಾಸಿಗೆಯ ಸುತ್ತ ಜಮಾಯಿಸಿದ ಬೀಗರನ್ನು ಹೊರಗೆ ಅಟ್ಟಬೇಕು ಎನ್ನುವುದನ್ನೆಲ್ಲ ನಿಂತ ನಿಲುವಿನಲ್ಲೇ ಹೇಳಿಬಿಡುತ್ತೇನೆ. ಸ್ವಂತದ ವಿಷಯ ಬಂದರೆ ಮಾತ್ರ ನನ್ನ ಬುದ್ಧಿ ರಜೆ ಹಾಕುತ್ತದೆ. ಸೀರೆ ಅಂಗಡಿಯಲ್ಲಿ ಅರ್ಧ ಅಂಗಡಿ ಕೆಳಗಿಳಿಸಿ, ಕೊನೆಗೆ ಅಂಗಡಿಯವರೇ ಬೇಸತ್ತು, "ಅಕ್ಕಾರ, ಇದನ್ನ ಒಯ್ರಿ, ನಿಮಗ ಚಂದ ಕಾಣ್ತೈತಿ" ಎಂದು ಕಟ್ಟಿಕೊಡಬೇಕು. ಇಂಥವಳ ಮುಂದೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕೋ ಬೇಡವೋ ಎಂಬ ಪ್ರಶ್ನೆ ತಂದಿಟ್ಟರೆ ಏನಾಗಬೇಕು? ಏನಾಯಿತೋ ಅದನ್ನೇ ಹೇಳುತ್ತೇನೆ.

ಕಾರು ತಗೊಂಡದ್ದು ನಮ್ಮ ಎರಡೂ ಕಡೆಯ ವಂಶದಲ್ಲಿ ನಾವೇ ಮೊದಲು. ನಮ್ಮವರು, ಅಂದರೆ ದುರುಗೇಶ ಮಾಸ್ತರು, ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಮೈದಾನದಲ್ಲಿ ಅವರ ಸೀಟಿಗೆ ಮಕ್ಕಳು ಗಡಗಡ ನಡುಗುತ್ತಾರೆ. ಸ್ಟೇರಿಂಗ್ ಹಿಡಿದರೆ ಅವರೇ ನಡುಗುತ್ತಾರೆ. ಹಾಗಾಗಿ ಡ್ರೈವಿಂಗ್ ಶಾಲೆಗೆ ಹೋಗಿ ಕಲಿತವಳು ನಾನು. ಅವರು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಾ ಬರುತ್ತಾರೆ. ಗೋಡೆಯ ಮೇಲೆ ಬುದ್ಧನ ಫೋಟೋ ಹಾಕಿಕೊಂಡ ಮನೆ ನಮ್ಮದು, ಗಾಡಿಗೆ ಪೂಜೆ, ದೃಷ್ಟಿ ಅಂತ ಯಾವುದೂ ಬೇಡ ಎಂದು ಅವರು ಮೊದಲೇ ಅಪ್ಪಣೆ ಮಾಡಿದ್ದರು. ಶೋರೂಮಿನವರು ಹಾಕಿದ ಹೂವಿನ ಹಾರವೊಂದೇ ಸಾಕೆಂದು ಎಲ್ಲರೂ ಒಪ್ಪಿದೆವು. ಮರುದಿನ ಬೆಳಿಗ್ಗೆ ಕಾರು ಹಿಂದಕ್ಕೆ ತೆಗೆದರೆ ಚಕ್ರದಡಿ ಪಚಕ್ ಎಂದಿತು. ನಮ್ಮವರು ಇಳಿದು ನೋಡಿ ತಾಯಿಯ ಮುಖ ನೋಡಿದರು. ಅತ್ತೆ, "ನನ್ನ ಯಾಕ ನೋಡ್ತೀಯಪ? ನಿಂಬಿಹಣ್ಣು ತಾನ ಉಳ್ಳಿ ಬಂದೈತಿ" ಎಂದು ಸೆರಗು ಸರಿ ಮಾಡಿಕೊಂಡು ಒಳಗೆ ಹೋದರು.

ತೊಂದರೆ ಶುರುವಾದದ್ದು ಪಲ್ಲವಿಯ ಫೋನಿನಿಂದ. ಪಲ್ಲವಿ ಎಂದರೆ ಹೊಸಪೇಟೆಯ ಶೋರೂಮಿನಲ್ಲಿ ನಮಗೆ ಕಾರು ಮಾರಿದ ಹುಡುಗಿ. ಮಾರುವ ಮುಂಚೆ ಅವಳು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಮೇಡಂ, ಈ ಗಾಡಿ ಕಣ್ಣು ಮುಚ್ಚಿಕೊಂಡು ತಗೊಳ್ಳಿ, ಏನಂದ್ರೆ ಏನೂ ಆಗಲ್ಲ" ಎಂದಿದ್ದಳು. ತಗೊಂಡ ಮೇಲೆ ಅದೇ ಬಾಯಿಂದ, "ಮೇಡಂ, ಕಂಪನಿ ವಾರಂಟಿ ಮುಗಿದ ಮೇಲೆ ಏನಾದ್ರೂ ಆದ್ರೆ?" ಎಂದಳು. ಏನೇನು ಆಗಬಹುದು ಎಂದು ಒಂದೊಂದೇ ಹೇಳತೊಡಗಿದಳು. ಗೇರ್‌ಬಾಕ್ಸ್ ಹೋಗಬಹುದು, ಸ್ಟೇರಿಂಗ್ ಹೋಗಬಹುದು, ಏಸಿ ಹೋಗಬಹುದು, ಕಂಪ್ಯೂಟರಿನಂಥದ್ದೇನೋ ಒಂದಿದೆಯಂತೆ, ಅದೂ ಹೋಗಬಹುದು. ನಾವು ಮನೆಗೆ ತಂದದ್ದು ಕಾರೋ, ಐಸಿಯುನಲ್ಲಿರುವ ರೋಗಿಯೋ ಎಂದು ನನಗೇ ಅನುಮಾನ ಬಂತು. ಈಗಲೇ ದುಡ್ಡು ಕಟ್ಟಿದರೆ ಕಂಪನಿ ವಾರಂಟಿ ಮುಗಿದ ಮೇಲಿನ ರಿಪೇರಿಯೂ ಅವರದೇ, ಹೊಸದಾಗಿ ಗಾಡಿ ತಗೊಂಡವರಿಗೆ ಕಡಿಮೆ ದರವಂತೆ, ಅದಕ್ಕೊಂದು ಕೊನೆಯ ದಿನವೂ ಇತ್ತು.

ನಮ್ಮವರು ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದರು. "ಕೆಡತೈತಿ ಅಂತ ಅವ್ರಿಗೇ ಗೊತ್ತಿದ್ರ ನಮಗ್ಯಾಕ ಮಾರಿದ್ರು? ಕೆಡಂಗಿಲ್ಲ ಅಂದ್ರ ಮತ್ತ ವಾರಂಟಿ ಯಾಕ? ಬ್ಯಾಡ ಅಂದ್ರ ಬ್ಯಾಡ." ಮಾತು ಸರಿಯಾಗಿಯೇ ಇತ್ತು. ಆದರೆ ಪಲ್ಲವಿಯ ಮಾತೂ ತಪ್ಪೆನ್ನುವಂತಿರಲಿಲ್ಲ. ನಾನು ವಾರ್ಡಿಗೆ ಹೋಗಿ ಅಲ್ಲಿ ಈ ವಿಷಯ ಎತ್ತಿದ್ದು ದೊಡ್ಡ ತಪ್ಪಾಯಿತು. ಸಲೈನ್ ಏರಿಸಿಕೊಂಡು ಮಲಗಿದ್ದ ಒಬ್ಬ ಹಿರಿಯರು, "ನಮ್ಮ ಅಳಿಯ ತಗೊಂಡಿದ್ದನ್ರಿ ಸಿಸ್ಟರ್. ಗಾಡಿಗೆ ಏನೂ ಆಗ್ಲಿಲ್ಲ. ದಂಡ ಆತು" ಎಂದರು. ಪಕ್ಕದ ಹಾಸಿಗೆಯವರು ಎದ್ದು ಕೂತು, "ನಮ್ಮ ತಮ್ಮ ತಗೊಂಡಿದ್ದಿಲ್ಲ. ಗೇರ್‌ಬಾಕ್ಸ್ ಹೋತು. ಎತ್ತಾಗ ಹೋದ್ರೂ ಹಿಂದಕ್ಕ ಹೋಗತಿತ್ತು" ಎಂದರು. ಇಬ್ಬರಿಗೂ ಜೋರು ವಾದ ಹತ್ತಿಕೊಂಡಿತು. ರೌಂಡ್ಸಿಗೆ ಬಂದ ಡಾಕ್ಟರು ಇಬ್ಬರ ಬಿಪಿಯೂ ಏರಿದ್ದು ನೋಡಿ ಕಾರಣ ಕೇಳಿದಾಗ ನಾನು ಔಷಧಿಯ ಕಪಾಟಿನಲ್ಲಿ ತಲೆ ಹಾಕಿ ಏನೋ ಹುಡುಕತೊಡಗಿದೆ.

ಹೀಗೆ ಇವತ್ತು ನಾಳೆ ಎನ್ನುತ್ತ ಕೊನೆಯ ದಿನ ಬಂದೇಬಿಟ್ಟಿತು. ಅದೇ ದಿನ ನನ್ನ ನಾದಿನಿ ಗೌತಮಿಗೂ ಕೊನೆಯ ದಿನವಾಗಿತ್ತು. ಅವಳಿಗೆ ಹಡಗಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಆದೇಶ ಕೈಗೆ ಬಂದ ಹೊತ್ತಿಗೆ ಟೈಫಾಯ್ಡ್ ಹಿಡಿದು ಮಲಗಿದ್ದರಿಂದ ಹಾಜರಾಗುವುದು ತಡವಾಗುತ್ತ ಹೋಗಿ, ಈಗ ಇವತ್ತು ಸಂಜೆ ಕಚೇರಿ ಮುಚ್ಚುವುದರೊಳಗೆ ಹೋಗಿ ಸಹಿ ಮಾಡದಿದ್ದರೆ ಕೆಲಸ ಕೈ ಬಿಟ್ಟಂತೆಯೇ. ಬೆಳಿಗ್ಗೆಯೇ ಬಸ್ಸಿಗೆ ಹೋಗುತ್ತೇನೆ ಎಂದಳು ಅವಳು. ಅಣ್ಣ ಕೇಳಲಿಲ್ಲ. "ನಮ್ಮ ಮನಿಯಿಂದ ಮೊದಲನೇ ಸರ್ತಿ ಒಬ್ಬಾಕಿ ಆಫೀಸಿಗೆ ಹೊಂಟಾಳ. ಕಾರಿನಾಗ ಹೋಗಿ ಇಳೀಬೇಕು" ಎಂದರು. ನನ್ನ ಡ್ಯೂಟಿ ಮುಗಿದು, ಅವಳ ಆರೋಗ್ಯದ ಸರ್ಟಿಫಿಕೇಟಿಗೆ ಡಾಕ್ಟರ ಸಹಿ ಹಾಕಿಸಿಕೊಂಡು ನಾನು ಕೊಟ್ಟೂರಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಊಟ ಮಾಡದೆ ಹೊರಟೆವು. ಗೌತಮಿ ಹಿಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಸೀರೆ ಮುದುಡದಂತೆ ನೆಟ್ಟಗೆ ಕೂತು, ಫೈಲನ್ನು ಹಸುಗೂಸಿನಂತೆ ಎದೆಗೆ ಒತ್ತಿಕೊಂಡಿದ್ದಳು.

ಕೋಗಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಹತ್ತಿಕೊಂಡಿತು. ಮಡಕೆಯಂಥ ಚಿತ್ರ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಚಿಹ್ನೆಯ ಆಶ್ಚರ್ಯ ಎಷ್ಟೋ, ನನ್ನದು ಅದಕ್ಕಿಂತ ಹೆಚ್ಚು. ನಾನು ರಸ್ತೆಯನ್ನೇ ನೋಡುತ್ತ ಓಡಿಸಿದೆ. ಆದರೆ ನಮ್ಮವರ ಕಣ್ಣು ಆಗಲೇ ಅಲ್ಲಿಗೆ ಹೋಗಿತ್ತು.

"ಹುಲಿಗೆಮ್ಮ, ಅದೇನದು?"

"ಏನಿಲ್ರಿ, ದೀಪ."

"ದೀಪ ಅನ್ನೋದು ಗೊತ್ತೈತಿ. ಯಾಕ ಹತ್ತೈತಿ?"

ಸರಿಯಾಗಿ ಅದೇ ಗಳಿಗೆಯಲ್ಲಿ ಕಾರಿನ ಸ್ಪೀಕರಿನಲ್ಲಿ ಫೋನು ಮೊಳಗಿತು. ಪಲ್ಲವಿ! "ಮೇಡಂ, ನೆನಪಿಸೋಣ ಅಂತ ಮಾಡಿದೆ. ಇವತ್ತು ಲಾಸ್ಟ್ ಡೇಟು."

ಇಷ್ಟು ದಿನ ಬೇಡ ಬೇಡ ಎಂದು ಕುಣಿದ ಮನುಷ್ಯ ಸ್ಪೀಕರಿನ ಹತ್ತಿರ ಬಾಯಿ ಒಯ್ದು, "ತಗೋತೀವ್ರಿ! ಈಗ ಬರ್ಕೋರಿ! ಎಲ್ಲಾ ಸೇರಿಸಿ ಬರ್ಕೋರಿ!" ಎಂದು ಕೂಗಿದರು. ಅಷ್ಟೂ ದಿನ ತಗೋಬೇಕೇನೋ ಎಂದು ಒಳಗೊಳಗೇ ವಾಲುತ್ತಿದ್ದ ನಾನು, "ಬ್ಯಾಡ, ತಡೀರಿ" ಎಂದೆ. ದೀಪ ಹತ್ತಿದ ಮೇಲೆ ವಾರಂಟಿ ಕೊಳ್ಳುವುದು ಮೋಸವಲ್ಲವೇ? ಜ್ವರ ಬಂದ ಮೇಲೆ ಆರೋಗ್ಯ ವಿಮೆಗೆ ಅರ್ಜಿ ಹಾಕಿದ ಹಾಗೆ. ಅದನ್ನು ಅವರಿಗೆ ಪಿಸುಗುಟ್ಟಿದೆ. ಕಾರಿನ ಮೈಕು ಸೂಕ್ಷ್ಮವಾಗಿತ್ತೆಂದು ಕಾಣುತ್ತದೆ. "ಯಾವ ದೀಪ ಮೇಡಂ?" ಎಂದಳು ಪಲ್ಲವಿ. ಇಬ್ಬರೂ ಒಟ್ಟಿಗೆ, "ಯಾವ ದೀಪಾನೂ ಇಲ್ಲ" ಎಂದೆವು.

ಅಷ್ಟರಲ್ಲಿ ಕಾರು ಎಡಕ್ಕೆ ಎಳೆಯತೊಡಗಿತು. ಹಿಂದಿನಿಂದ ಗೌತಮಿ, "ಅತ್ತಿಗಿ, ನಿಮ್ಮ ವಾರಂಟಿ ಆಮ್ಯಾಲ ಮಾತಾಡ್ರಿ, ಗಾಡಿ ನಿಲ್ಲಸ್ರಿ ಮೊದಲು!" ಎಂದು ಚೀರಿದಳು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಇಳಿದು ನೋಡಿದರೆ ಹಿಂದಿನ ಚಕ್ರ ನೆಲಕ್ಕೆ ಅಂಟಿ ಕೂತಿತ್ತು. ಟ್ರ್ಯಾಕ್ಟರಿನದೋ ಯಾವುದರದೋ ಕಬ್ಬಿಣದ ಚೂರು ಒಳಗೆ ಹೊಕ್ಕಿತ್ತು. ಮಡಕೆ ಎಂದು ನಾವು ತಿಳಿದದ್ದು ಗಾಳಿ ಇಳಿದ ಟೈರಿನ ಚಿತ್ರವೆಂದು ಆಗ ಹೊಳೆಯಿತು. ಪಲ್ಲವಿ ಇನ್ನೂ ಲೈನಿನಲ್ಲೇ ಇದ್ದಳು. ನಮ್ಮವರು ಬಾಗಿಲಿನಿಂದ ತಲೆ ತೂರಿಸಿ ಬಹಳ ಮೆತ್ತಗೆ ಕೇಳಿದರು: "ಅಲ್ಲವ್ವಾ, ಈ ಟೈರು ಗೀರು ಅದರಾಗ ಬರ್ತಾವೇನು?"

"ಟೈರು ಬರಲ್ಲ ಸರ್."

"ಹಂಗಾರ ಬ್ಯಾಡ!" ಎಂದು ಫೋನು ಕಟ್ ಮಾಡಿದರು.

ಆಮೇಲಿನದು ನಗುವಂಥದ್ದಾಗಿರಲಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು, ಜಾಕ್ ಇತ್ತು, ನಟ್ಟು ಬಿಚ್ಚುವ ಪಾನಾ ಇತ್ತು. ಅವುಗಳನ್ನು ಬಳಸಿ ಗೊತ್ತಿದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ. ಎರಡೂ ಕಡೆ ಕಟಾವಾದ ಮೆಕ್ಕೆಜೋಳದ ಹೊಲ, ತಲೆ ಮೇಲೆ ಸುಡುವ ಬಿಸಿಲು. ನಮ್ಮವರು ಪಾನಾ ಹಾಕಿ ತಿರುವಿದರು. ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಾಲಿನಿಂದ ಒತ್ತಿದರು, ಮೇಲೆ ಹತ್ತಿ ನಿಂತು ಕುಪ್ಪಳಿಸಿದರು. ಪಾನಾ ಜಾರಿ ಮೊಣಕಾಲು ತರಚಿತು. ಗೌತಮಿ ಗಡಿಯಾರವನ್ನು ನೋಡುತ್ತಿರಲಿಲ್ಲ. ಅವಳು ಹಾಗೆ ನೋಡದೆ ನಿಂತದ್ದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು. ಜ್ವರ ಬಿಟ್ಟ ಮುಖ ಬಿಸಿಲಿಗೆ ಇನ್ನಷ್ಟು ಬಿಳಿಚಿಕೊಂಡಿತ್ತು. ದೀಪ ಹಚ್ಚಿಕೊಂಡು ಹಟ ಹಿಡಿದು ಓದಿ ಗಳಿಸಿದ ಕೆಲಸ, ಒಂದು ಕಬ್ಬಿಣದ ಚೂರಿಗೆ ಹೋಗುವುದೇ?

ಆಗ ತಿರುವಿನಲ್ಲಿ ಹಡಗಲಿಯ ಬೋರ್ಡು ಹಾಕಿಕೊಂಡ ಬಸ್ಸು ಕಾಣಿಸಿತು. ಅಲ್ಲಿ ಸ್ಟಾಪು ಇರಲಿಲ್ಲ. ನಾನು ಯಾರನ್ನೂ ಕೇಳದೆ ನಡುರಸ್ತೆಗೆ ಹೋಗಿ ಎರಡೂ ಕೈ ಚಾಚಿ ನಿಂತೆ. ಬಸ್ಸು ಕೀರಲಿಟ್ಟು ನಿಂತಿತು. ಡ್ರೈವರು ಕಿಟಕಿಯಿಂದ ಬಗ್ಗಿ, "ಏನಬೇ, ಸಾಯಾಕ ಬಂದೀಯೇನು?" ಎಂದು ಗದರಿದರು.

"ಸಾಯೋರ್ನ ಬದುಕ್ಸೋದು ನನ್ನ ಕೆಲಸ. ಬಾಗಿಲು ತೆಗೀರಿ!" ಎಂದೆ. ವಾರ್ಡಿನ ದನಿ ಅದು, ತಾನಾಗಿಯೇ ಬಂತು. ಬಾಗಿಲು ತೆರೆಯಿತು.

ಗೌತಮಿ ಕಾಲು ಎತ್ತಿ ಇಡಲಿಲ್ಲ. "ಅತ್ತಿಗಿ, ಅಣ್ಣ ಬ್ಯಾಸ್ರ ಮಾಡ್ಕಂತಾನ" ಎಂದಳು ಮೆಲ್ಲಗೆ.

"ಅವರನ್ನ ನಾ ನೋಡ್ಕಂತೀನಿ. ಹತ್ತು ನೀ."

ಅವಳನ್ನು ಹೆಚ್ಚುಕಡಿಮೆ ದಬ್ಬಿಯೇ ಹತ್ತಿಸಿದೆ. ಬಸ್ಸು ಹೊರಟಿತು. ನಮ್ಮವರು ಪಾನಾ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ನಿಂತು ಅದು ಕಾಣುವಷ್ಟು ಹೊತ್ತೂ ನೋಡಿದರು. "ಆಫೀಸಿನ ಮುಂದ ಕಾರಿನಾಗಿಂದ ಇಳಿಯೋದು ನೋಡ್ಬೇಕು ಅಂದ್ಕಂಡಿದ್ದೆ ನೋಡು" ಎಂದರು. ನಾನು ಕಾರಿನ ಖಾನೆಯಿಂದ ಗಾಡಿಯ ಜೊತೆ ಕೊಟ್ಟ ಪುಸ್ತಕ ಹೊರಗೆಳೆದೆ. "ಜಾಕ್ ಎಲ್ಲಿ ಇಡ್ಬೇಕಂತ ಪುಸ್ತಕದಾಗ ಐತೇನೋ ನೋಡ್ತೀನಿ" ಎಂದೆ.

ಪುಸ್ತಕ ಓದಿ ಹೇಳುವವಳು ನಾನು, ಮಾಡುವವರು ಅವರು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಕೊನೆಗೆ ಪಾನಾದ ಮೇಲೆ ಇಬ್ಬರೂ ಒಟ್ಟಿಗೆ ನಿಂತು ತೂಕ ಬಿಟ್ಟಾಗ ಮೊದಲನೆಯ ನಟ್ಟು 'ಟಕ್' ಎಂದಿತು. ಕಡೆಯ ನಟ್ಟು ಬಿಗಿಯುವ ಹೊತ್ತಿಗೆ ಮೊಬೈಲು ಬಡಿದುಕೊಂಡಿತು. ಇಬ್ಬರ ಕೈಗೂ ಗ್ರೀಸು. ಮೊಣಕೈಯಿಂದ ಒತ್ತಿದೆ.

"ಅಣ್ಣಾ, ಸಹಿ ಮಾಡಿದೆ. ಸಾಹೇಬರು ಇನ್ನೂ ಕುಂತಿದ್ರು. ನಾಳಿ ಬೆಳಿಗ್ಗಿಯಿಂದ ಬಾ ಅಂದ್ರು."

ನಮ್ಮವರು ಅಲ್ಲೇ ಸ್ಟೆಪ್ನಿಗೆ ಒರಗಿ ಕೂತುಬಿಟ್ಟರು. ಮುಖ ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡರು. ನಾನದನ್ನು ಹೇಳಲು ಹೋಗಲಿಲ್ಲ.

ಹಡಗಲಿಗೆ ಹೋಗಿ ಅವಳನ್ನು ಕೂರಿಸಿಕೊಂಡೆವು. ಕಚೇರಿಯ ಬಾಗಿಲು ಅಷ್ಟರಲ್ಲಿ ಹಾಕಿತ್ತು. ಆದರೂ ನಮ್ಮವರು ಅವಳನ್ನು ಕಾರಿನಿಂದ ಒಮ್ಮೆ ಇಳಿಸಿ, ಬೀಗ ಹಾಕಿದ ಆ ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಮತ್ತೆ ಹತ್ತಿಸಿದರು. ವಾಪಸು ಬರುತ್ತ ಹಗರಿಬೊಮ್ಮನಹಳ್ಳಿಯಲ್ಲಿ ಪಂಚರ್ ಹಾಕಿಸಲು ನಿಂತಿದ್ದಾಗ ಪಲ್ಲವಿಯ ಫೋನು ಮತ್ತೆ ಬಂತು. "ಮೇಡಂ, ಸಿಸ್ಟಮ್ ಕ್ಲೋಸ್ ಮಾಡ್ತಾ ಇದೀನಿ. ಫೈನಲ್ ಏನು?"

ನಾನು ನಮ್ಮವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಬಸ್ಸಿಗೆ ಅಡ್ಡ ನಿಂತ ಹೆಂಗಸು ಎಲ್ಲಿಗೆ ಹೋದಳೋ! "ಒಂದು ನಿಮಿಷ…" ಎಂದೆ.

"ಕೊಡ್ರಿ ಇಲ್ಲಿ, ಅತ್ತಿಗಿ." ಗೌತಮಿ ಹಿಂದಿನಿಂದ ಕೈ ಚಾಚಿ ಫೋನು ಕಿತ್ತುಕೊಂಡಳು. "ಹಲೋ. ತಗೋತೀವ್ರಿ. ಬರ್ಕೋರಿ. ಇಲ್ಲಾಂದ್ರ ಇನ್ನ ಹತ್ತು ವರ್ಷ ಈ ಇಬ್ರೂ ಮನ್ಯಾಗ ಇದನ್ನ ಮಾತಾಡ್ತಾರ, ನನಗ ಕೇಳಾಕ ಆಗಂಗಿಲ್ಲ." ನಮ್ಮವರು ಬಾಯಿ ತೆರೆದರು. ಅವಳು, "ಅಣ್ಣ, ರೊಕ್ಕ ಹಾಕು" ಎಂದಳು. ಬಾಯಿ ಮುಚ್ಚಿದರು, ಮೊಬೈಲು ತೆಗೆದು ರೊಕ್ಕ ಹಾಕಿದರು. ಸರ್ಕಾರಿ ನೌಕರಳಾದ ಮೇಲೆ ಅವಳು ಹೊರಡಿಸಿದ ಮೊದಲ ಆದೇಶ ಅದು.

ಇಲ್ಲಿಗೆ ನನ್ನ ಚಿಂತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಂಪನಿಯದೇ ವಾರಂಟಿ ಇರುವಷ್ಟು ಕಾಲ, 'ಕೆಡುವುದಿದ್ದರೆ ಈಗ ಬೇಡ, ಸ್ವಲ್ಪ ತಡೆದು ಕೆಡು' ಎಂದು ಕಾರಿಗೆ ಮನಸ್ಸಿನಲ್ಲೇ ಹೇಳುತ್ತಿದ್ದೆ. ಈಗ ಅದು ಮುಗಿದು ನಾವು ಕೊಂಡ ವಾರಂಟಿ ಶುರುವಾಗಿದೆ. ಗಾಡಿ ಗುಂಡುಕಲ್ಲಿನ ಹಾಗಿದೆ, ಕೊಟ್ಟ ದುಡ್ಡು ದಂಡವಾಗುತ್ತಿದೆ. ಹೋದ ತಿಂಗಳು ಬಾಗಿಲಿನ ಕಡೆಯಿಂದ ಕಟಕಟ ಎಂಬ ಸದ್ದು ಕೇಳಿದ್ದೇ ತಡ, ರಜೆ ಹಾಕಿ ಹೊಸಪೇಟೆಗೆ ಓಡಿಸಿದೆ. ದಾರಿಯುದ್ದಕ್ಕೂ ಸದ್ದು ನಿಂತುಬಿಟ್ಟೀತೆಂಬ ಭಯ. ಅಲ್ಲಿ ಶೋರೂಮಿನವರು ಬಿಚ್ಚಿ ನೋಡಿ, ಬಾಗಿಲಿನ ಖಾನೆಯಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಬುತ್ತಿಡಬ್ಬಿಯ ಚಮಚ ತೆಗೆದು ಕೈಗಿಟ್ಟು, "ಗಾಡಿ ಫಸ್ಟ್ ಕ್ಲಾಸ್ ಇದೆ ಮೇಡಂ, ಏನೂ ತೊಂದರೆ ಇಲ್ಲ" ಎಂದರು.

ಸ್ಕ್ಯಾನಿಂಗ್ ನಾರ್ಮಲ್ ಬಂತು ಎಂದಾಗ ಮುಖ ಸಪ್ಪಗೆ ಮಾಡುವ ರೋಗಿಗಳನ್ನು ನಾನು ಎಷ್ಟು ಬೈದಿದ್ದೇನೆ! ಅವತ್ತು ಚಮಚ ಹಿಡಿದುಕೊಂಡು ಅಲ್ಲೇ ನಿಂತು, "ಇನ್ನೊಂದ್ಸಲ ಸರಿಯಾಗಿ ನೋಡ್ರಿ, ಒಳಗ ಏನರ ಇರಬೇಕು" ಎಂದು ಅಂಗಲಾಚಿದವಳು ನಾನೇ.