ಅಮೃತಸರದ ದಾರಿಯಲ್ಲಿ ವಿಜಯನಗರ

ಕೋಪ ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರಿಗೆ ತಮ್ಮಂದಿರು ಇರಲಿಕ್ಕಿಲ್ಲ. ಮೊನ್ನೆ ನಮ್ಮ ಬಸವೇಶ್ವರನಗರದ ಮೂಲೆ ಕ್ಲಿನಿಕ್ಕಿನ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ರಿಟೈರ್ ಆದಮೇಲೂ ಯಾಕೆ ಗಿರಿಜ ಮೇಡಂ ಇಷ್ಟು ಬಿ.ಪಿ. ಎಂದು ಕೇಳಿದರು. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಕುಕ್ಕರ್ ಎಂದು ಕರೆಯುತ್ತಿದ್ದುದು ನನಗೆ ಗೊತ್ತಿತ್ತು. ಆದರೆ ಅದೆಲ್ಲ ಸಂಬಳಕ್ಕೆ ಮಾಡಿದ ಕೋಪ, ಸಂಜೆ ಗಂಟೆ ಹೊಡೆದರೆ ಮುಗಿಯುತ್ತಿತ್ತು. ನನ್ನ ಸ್ವಂತಕ್ಕೆಂದು ನಾನು ಇಟ್ಟುಕೊಂಡಿರುವ ಕೋಪ ಒಂದೇ ಒಂದು. ಅದಕ್ಕೀಗ ನಲವತ್ತೆಂಟು ವರ್ಷ ವಯಸ್ಸು. ಅದು ಒಂದು ಲಾರಿಯ ಸೀಟಿನ ವಿಷಯ.

ನಮ್ಮ ಅಪ್ಪ ದಾವಣಗೆರೆ ಕಡೆಯವರು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿಗೆ ಬಂದು, ಒಂದೇ ಒಂದು ಲಾರಿ ಇಟ್ಟುಕೊಂಡು ನಮ್ಮನ್ನೆಲ್ಲ ಸಾಕಿದರು. ಮೂತಿಯನ್ನು ಮುಂದಕ್ಕೆ ಚಾಚಿಕೊಂಡ, ಹಣೆಗೆ ಮೂರು ಗೆರೆ ವಿಭೂತಿಯ ಹಾಗೆ ಬಿಳಿ ಬಣ್ಣ ಬಳಿದುಕೊಂಡ ಹಳೇ ಕಾಲದ ಲಾರಿ. ಅದಕ್ಕೆ ಯಂತ್ರದ ಬಿಡಿಭಾಗ ತುಂಬಿಕೊಂಡು ಅಪ್ಪ ಅಮೃತಸರದವರೆಗೂ ಹೋಗುತ್ತಿದ್ದರು. ಬರುವಾಗ ಕರಿಮೆಣಸು ಹಾಕಿದ ದೊಡ್ಡ ದೊಡ್ಡ ಹಪ್ಪಳ ತರುತ್ತಿದ್ದರು. ನಾನೂ ಬರ್ತೀನಿ ಎಂದು ಪ್ರತಿ ಸಲವೂ ಲಾರಿಯ ಮೆಟ್ಟಿಲು ಹಿಡಿದು ನಿಲ್ಲುತ್ತಿದ್ದೆ. ಅಪ್ಪ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ಮುಂದಿನ ಬೇಸಿಗೆ ರಜಕ್ಕೆ ನೋಡೋಣ ಮಗಳೇ." ನನಗೆ ಹದಿಮೂರು ತುಂಬಿದ ವರ್ಷ ಆ ಬೇಸಿಗೆ ರಜ ಬಂದೇ ಬಂತು. ಅಪ್ಪ ಕ್ಲೀನರ್ ಸೀಟಿನಲ್ಲಿ ಕೂರಿಸಿಕೊಂಡು ಹೋದದ್ದು ನನ್ನನ್ನಲ್ಲ, ನನಗಿಂತ ಎರಡು ವರ್ಷ ಚಿಕ್ಕವನಾದ ನನ್ನ ತಮ್ಮ ರಾಜುವನ್ನು. ಗಂಡು ಹುಡುಗನಂತೆ. ನನಗೆ ಸಿಕ್ಕಿದ್ದು ಹಪ್ಪಳ. ಅವತ್ತಿನಿಂದ ನಾನು ಹಪ್ಪಳ ತಿನ್ನುವುದನ್ನು ಬಿಟ್ಟಿದ್ದೆ. ಮದುವೆ ಮನೆಯಲ್ಲಿ ಬಡಿಸಲು ಬಂದವರು ನನ್ನ ಮುಖ ನೋಡಿ ಬುಟ್ಟಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಹೋದವನು ಹೋಗಿ ಬಂದು ಸುಮ್ಮನಿದ್ದಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಆದರೆ ರಾಜು ಆ ಪ್ರಯಾಣದ ಕಥೆಯನ್ನು ನಲವತ್ತೆಂಟು ವರ್ಷದಿಂದ ಹೇಳುತ್ತಾ ಇದ್ದಾನೆ. ನಾಮಕರಣ, ನಿಶ್ಚಿತಾರ್ಥ, ಗೃಹಪ್ರವೇಶ, ಯಾವುದೂ ಅವನಿಗೆ ಭೇದವಿಲ್ಲ. ಒಂದು ಸಲ ತಿಥಿಯ ಊಟದಲ್ಲೂ ಹೇಳಿದ. ಮುಗಿಯದ ಗೋಧಿ ಹೊಲ, ನೀರಿನಲ್ಲಿ ಹೊಳೆಯುವ ಬಂಗಾರದ ಗುಡಿ, ಇವನ ತಲೆಗೆ ಪೇಟ ಸುತ್ತಿದ ಸರದಾರ್‌ಜಿ, ಆತ ಕುಡಿಸಿದ ಲಸ್ಸಿ. ಆ ಲಸ್ಸಿಯ ಲೋಟ ಮೊದಲ ವರ್ಷ ಅವನ ಮೊಣಕೈಯಷ್ಟು ಇತ್ತು. ಅವನ ಮದುವೆಯ ಹೊತ್ತಿಗೆ ಸೊಂಟಕ್ಕೆ ಬಂತು. ಈಗ ಎದೆಮಟ್ಟ ಕೈ ಇಟ್ಟು ತೋರಿಸುತ್ತಾನೆ. ಹನ್ನೊಂದು ವರ್ಷದ ಹುಡುಗ ಅಷ್ಟು ಲಸ್ಸಿ ಕುಡಿದಿದ್ದರೆ ಅಲ್ಲೇ ಹೊಟ್ಟೆ ಒಡೆದಿರಬೇಕಿತ್ತು, ವಿಜ್ಞಾನದ ಪ್ರಕಾರ. ಕೇಳುವವರಿಗೆ ಅದೆಲ್ಲ ಬೇಕಿಲ್ಲ. ಮಕ್ಕಳು ಸುತ್ತ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತವೆ, ನಾನು ದೂರದಲ್ಲಿ ಕೂತು ಹಲ್ಲು ಕಡಿಯುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಲಾರಿ ಕೆಂಗೇರಿಯಲ್ಲಿ ಮೆಕ್ಯಾನಿಕ್ ಬಾಬಣ್ಣನ ಶೆಡ್ಡಿನ ಹಿಂದೆ ಬಿದ್ದಿತ್ತು. ಬಾಬಣ್ಣ ಅಪ್ಪನ ಹತ್ತಿರವೇ ಸ್ಪ್ಯಾನರ್ ಹಿಡಿಯುವುದನ್ನು ಕಲಿತವನು, ಹಾಗಾಗಿ ಗುಜರಿಗೆ ಹಾಕಲು ಮನಸ್ಸು ಬಂದಿರಲಿಲ್ಲ. ನಾನು ರಿಟೈರ್ ಆದ ವಾರವೇ ಸ್ಕೂಟರಿನಲ್ಲಿ ಹೋಗಿ, ಇದನ್ನು ರೆಡಿ ಮಾಡು, ಅಮೃತಸರಕ್ಕೆ ಹೋಗಬೇಕು, ನೀನೇ ಡ್ರೈವರ್ ಎಂದೆ. ಅವನು ಒಂದೂವರೆ ವರ್ಷ ತೆಗೆದುಕೊಂಡ. ಕಾಗದಪತ್ರಕ್ಕೆ ನಾನು ಅಲೆದ ಅಲೆದಾಟ ಹೇಳಲು ಹೊರಟರೆ ಡಾಕ್ಟರ ಪಟ್ಟಿ ಮತ್ತೆ ಸುತ್ತಬೇಕಾಗುತ್ತದೆ, ಬಿಡಿ. ಅಂತೂ ಈ ಬೇಸಿಗೆಯ ಹೊತ್ತಿಗೆ ಲಾರಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಕೆಳಗಿನ ಪೋರ್ಶನ್ನಿನ ಬಾಡಿಗೆಯವರು ತಮ್ಮ ಬೈಕು ತೆಗೆಯಲಾಗದೆ ಬೈದುಕೊಂಡರು. ನಾನು ಮೆಟ್ಟಿಲು ಹತ್ತಿ ಕ್ಲೀನರ್ ಸೀಟಿನಲ್ಲಿ ಕೂತೆ. ಹೊಸ ರೆಕ್ಸಿನ್ ಹಾಕಿಸಿದ್ದೆ. ಅಲ್ಲಿ ಕೂತು ನಾನು ಅತ್ತುಬಿಟ್ಟೆ ಎಂದು ಹೇಳಲು ನಾಚಿಕೆಯೇನೂ ಇಲ್ಲ. ಅದು ಕೂಡ ಅರ್ಧ ಕೋಪದ ಅಳು.

ನಾನು ಮಾಡಿದ ತಪ್ಪೆಂದರೆ ಸುದ್ದಿಯನ್ನು ರಾಜುವಿಗೆ ಹೇಳಿದ್ದು. ವಿಜಯನಗರದಿಂದ ಮಾರನೆಯ ಭಾನುವಾರವೇ ಬಂದ, ಬಗಲಲ್ಲಿ ಭಾರತದ ಭೂಪಟ. ನನ್ನ ಊಟದ ಮೇಜಿನ ಮೇಲೆ ಅದನ್ನು ಹಾಸಿ, ನಾಲ್ಕು ಮೂಲೆಗೆ ನನ್ನದೇ ನಾಲ್ಕು ಉಪ್ಪಿನಕಾಯಿ ಜಾಡಿ ಇಟ್ಟು, "ನೋಡಕ್ಕ, ದಾರಿ ನನಗೆ ಬಿಡು" ಎಂದ. ಆಮೇಲೆ ಪ್ರತಿ ಭಾನುವಾರವೂ ಇದೇ ಆಯಿತು. ಪುಣೆ ಹತ್ತಿರ ಘಟ್ಟ ಇದೆ ಎನ್ನುವನು, ರಾಜಸ್ಥಾನದಲ್ಲಿ ನೀರು ತುಂಬಿಸಿಕೊಳ್ಳಬೇಕು ಎನ್ನುವನು, ಸರದಾರ್‌ಜಿಗಳ ಹತ್ತಿರ ಹೇಗೆ ಮಾತಾಡಬೇಕೆಂದು ನನಗೆ ಪಾಠ ಮಾಡುವನು. ನಾನು ಏನು ಹೇಳಿದರೂ, "ನೀನು ಹೋಗಿಲ್ವಲ್ಲ, ನಿನಗೆ ಗೊತ್ತಾಗಲ್ಲ" ಎಂಬ ಒಂದೇ ಉತ್ತರ. ನಮ್ಮವರು ಯಾವ ಜಗಳದಲ್ಲೂ ಪಕ್ಷ ಸೇರದ ಮನುಷ್ಯ. ಅವರು ತಮ್ಮ ಪಾಡಿಗೆ ಸೌತೆಕಾಯಿ ಹೆಚ್ಚುತ್ತಾ, ನೀವಿಬ್ಬರೂ ಲಾರಿಯಲ್ಲಿ ಹೊರಡಿ, ನಾನು ರೈಲಿನಲ್ಲಿ ಬಂದು ಅಲ್ಲಿ ಸೇರಿಕೊಳ್ಳುತ್ತೇನೆ ಎಂದರು.

ನಾಲ್ಕನೆಯ ಭಾನುವಾರ ಸೀಟಿನ ಮಾತು ಬಂತು. ಆ ಲಾರಿಯಲ್ಲಿ ಮುಂದೆ ಇರುವುದು ಎರಡೇ ಸೀಟು, ಒಂದು ಡ್ರೈವರಿಗೆ, ಒಂದು ಕ್ಲೀನರಿಗೆ. ರಾಜು ಭೂಪಟದಿಂದ ತಲೆ ಎತ್ತದೆ, "ಅಕ್ಕ, ನಿನಗೆ ಹಿಂದೆ ಮಂಚ ಹಾಕ್ಸಿದೀನಿ, ಫ್ಯಾನೂ ಇಡಿಸ್ತೀನಿ. ಆರಾಮಾಗಿ ಮಲ್ಕೊಂಡ್ ಬಾ. ಮುಂದೆ ನಾನ್ ಕೂರ್ತೀನಿ, ದಾರಿ ಗೊತ್ತಿರೋನು ಇರ್ಬೇಕಲ್ಲ" ಎಂದ.

ಆಗ ನಾನು ಏನೇನು ಹೇಳಿದೆನೋ ನನಗೆ ಪೂರ್ತಿ ನೆನಪಿಲ್ಲ. ಕೆಳಗಿನ ಬಾಡಿಗೆಯವರು ಟಿ.ವಿ. ಸದ್ದು ಕಡಿಮೆ ಮಾಡಿದರಂತೆ, ಕೇಳಿಸಲಿ ಎಂದು. ನನ್ನ ಅರ್ಧ ಆಯಸ್ಸು ಆ ಸೀಟಿಗಾಗಿ ಕಾದಿದ್ದೇನೆ, ನನ್ನನ್ನು ಗೋಧಿ ಮೂಟೆಯ ಹಾಗೆ ಹಿಂದೆ ಹಾಕಿಕೊಂಡು ಹೋಗುತ್ತೀಯಾ ಎಂದದ್ದು ಮಾತ್ರ ನೆನಪಿದೆ. ಅಷ್ಟರಲ್ಲಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿಚುಕುತ್ತಿದ್ದ ಅವ್ವ, ಎಂಬತ್ತೈದು ವರ್ಷದ ಅವ್ವ, ತಲೆ ಎತ್ತಿದಳು.

"ಅವನೆಲ್ಲಿ ಅಮೃತಸರಕ್ಕೆ ಹೋಗಿದ್ದ? ದಾವಣಗೆರೆ ದಾಟಿಲ್ಲ ಅವನು" ಎಂದಳು.

ನೆಲಮಂಗಲದಲ್ಲಿ ಒಂದು ಸಲ, ತುಮಕೂರಿನಲ್ಲಿ ಒಂದು ಸಲ, ಶಿರಾದಲ್ಲಿ ಎರಡು ಸಲ, ರಾಜು ಲಾರಿಯೆಲ್ಲ ವಾಂತಿ ಮಾಡಿಕೊಂಡನಂತೆ. ಅಪ್ಪ ಅವನನ್ನು ದಾವಣಗೆರೆಯಲ್ಲಿ ಸೋದರತ್ತೆಯ ಮನೆಯಲ್ಲಿ ಇಳಿಸಿ, ವಾಪಸು ಬರುವಾಗ ಕರೆದುಕೊಂಡು ಬಂದರಂತೆ. ಇವನು ರಜವಿಡೀ ಬೆಣ್ಣೆದೋಸೆ ತಿಂದುಕೊಂಡಿದ್ದನಂತೆ. ಗಂಡು ಹುಡುಗ, ಅವಮಾನವಾಗುತ್ತದೆ, ಯಾರಿಗೂ ಹೇಳಬೇಡ ಎಂದು ಅಪ್ಪ ಅವ್ವನ ಬಾಯಿ ಕಟ್ಟಿದ್ದರಂತೆ. ಹಾಗಾದರೆ ಆಮೇಲಾದರೂ ನನ್ನನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಕೇಳಿದೆ. ಅವ್ವ ಒಂದು ಕಾಳು ಹಿಚುಕಿ ಪಾತ್ರೆಗೆ ಹಾಕಿ, "ಇವನೇ ಇಷ್ಟು ಕಕ್ಕಿದಾನೆ. ಗಿರಿಜ ಸಿಟಿ ಬಸ್ಸಲ್ಲೇ ಕಿಟಕಿ ಹುಡುಕೋಳು. ನಾನು ಲಾರಿ ಓಡಿಸ್ಲೋ, ಬಕೀಟು ಹಿಡೀಲೋ ಅಂದ್ರು ನಿಮ್ಮಪ್ಪ" ಎಂದಳು.

ಶುದ್ಧ ಸುಳ್ಳು ಎಂದು ನಾನು ಕೂಗಿದೆ. ನಾನು ಬಸ್ಸು ಹತ್ತಿ ಮೂವತ್ತು ವರ್ಷವಾಯಿತು, ಎಲ್ಲಿಗಾದರೂ ಸ್ಕೂಟರೇ, ಶಾಲೆಯ ಪ್ರವಾಸಕ್ಕೆ ಬೇರೆ ಟೀಚರುಗಳನ್ನೇ ಕಳಿಸುತ್ತಿದ್ದೆ, ಅದೆಲ್ಲ ನೂಕುನುಗ್ಗಲು ಆಗದೆ ಅಷ್ಟೆ. ಒಬ್ಬ ಹುಡುಗ ವಾಂತಿ ಮಾಡಿದರೆ ಹುಡುಗಿಗೆ ಶಿಕ್ಷೆಯೇ? ನನ್ನನ್ನು ಪರೀಕ್ಷೆಗೇ ಕೂರಿಸದೆ ಫೇಲು ಮಾಡಿದ್ದರು. ರಾಜು ಜಾಡಿಗಳನ್ನು ಒಂದೊಂದಾಗಿ ಎತ್ತಿಟ್ಟು ಭೂಪಟ ಮಡಚಿದ. ಐವತ್ತೊಂಬತ್ತರ ಮನುಷ್ಯನ ಕಿವಿ ಹನ್ನೊಂದರ ಹುಡುಗನ ಕಿವಿಯ ಹಾಗೆ ಕೆಂಪಾಗಿತ್ತು. ನನಗೆ ಕರುಣೆ ಬರಲಿಲ್ಲ. ಹಿಂದಿನ ಮಂಚದಲ್ಲಿ ನೀನು ಮಲಗಿಕೊಂಡು ಬಾ, ಮತ್ತೆ ಮುಂದಿನ ತಿಂಗಳು ದೊಡ್ಡಪ್ಪನ ಮಗಳ ಗೃಹಪ್ರವೇಶದಲ್ಲಿ ಎಲ್ಲರ ಎದುರು ಈ ದಾವಣಗೆರೆ ಕಥೆಯನ್ನು ನಾನೇ ಹೇಳುತ್ತೇನೆ ಎಂದೆ. ಅವತ್ತು ರಾತ್ರಿ ಊಟಕ್ಕೆ ನಾನೇ ಹಪ್ಪಳ ಕರಿದು ತಿಂದೆ.

ಇನ್ನು ಹೊರಡುವ ದಿನ. ಬಾಬಣ್ಣನಿಗೆ ಬುಧವಾರದಿಂದ ಬಿಡುವು. ಅವ್ವ ಪಂಚಾಂಗ ತೆಗೆದು, ಬುಧವಾರ ಉತ್ತರಕ್ಕೆ ಶೂಲ, ಹೊರಡಕೂಡದು ಎಂದಳು. ನಮ್ಮ ಮನೆಯಲ್ಲಿ ಬಸವಣ್ಣನ ಪಟದ ಮೊಳೆಗೇ ಪಂಚಾಂಗವೂ ನೇತಾಡುತ್ತದೆ. ಎಲ್ಲ ದಿನವೂ ಒಂದೇ ಎಂದು ಮೇಲಿನವರು ಹೇಳುತ್ತಾರೆ, ಕೆಳಗಿನದು ಒಪ್ಪುವುದಿಲ್ಲ. ಇದಕ್ಕೆ ಹಿರಿಯರು ಮಾಡಿಕೊಂಡ ಉಪಾಯ ಪರಸ್ಥಾನ. ಅಂದರೆ ಒಳ್ಳೆಯ ದಿನ ನೋಡಿ ಗಂಟನ್ನೋ ಚೀಲವನ್ನೋ ಮೊದಲೇ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಅವತ್ತೇ ಪ್ರಯಾಣ ಹೊರಟ ಹಾಗೆ. ಆಮೇಲೆ ಯಾವತ್ತು ಹೋದರೂ ದೋಷವಿಲ್ಲ. ಆದರೆ ಇಟ್ಟದ್ದನ್ನು ಪ್ರಯಾಣ ಮುಗಿಸದೆ ಮನೆಗೆ ತರುವ ಹಾಗಿಲ್ಲ. ಸೋಮವಾರ ಒಂದು ಚೀಲ ಇಟ್ಟು ಬಾ ಎಂದಳು ಅವ್ವ. ವಿಜ್ಞಾನದ ಟೀಚರಾದ ನಾನು ಇದನ್ನು ನಕ್ಕು ತಳ್ಳಿಹಾಕಬೇಕಿತ್ತು. ಆದರೆ ಕ್ಲೀನರ್ ಸೀಟಿನಲ್ಲಿ ಎರಡು ದಿನ ಮುಂಚೆಯೇ ಕೂರುವ ಆಸೆ. ಚೀಲ ಯಾಕೆ, ಲಾರಿಯನ್ನೇ ರಾಜುವಿನ ಮನೆ ಮುಂದೆ ಪರಸ್ಥಾನ ಇಡೋಣ ಎಂದೆ.

ಸೋಮವಾರ ರಾಹುಕಾಲ ಒಂಬತ್ತಕ್ಕೆ ಮುಗಿಯುತ್ತದೆ. ಬೆಂಗಳೂರಿನ ಆಫೀಸುಗಳೆಲ್ಲ ಶುರುವಾಗುವುದೂ ಆಗಲೇ. ಚಕ್ರದ ಕೆಳಗಿನ ನಿಂಬೆಹಣ್ಣು ಪಚಕ್ಕೆಂದಿತು, ಅವ್ವ ಗೇಟಿನಿಂದ ಕೈ ಬೀಸಿದಳು, ನಾನು ರಾಣಿಯ ಹಾಗೆ ಮುಂದೆ ಕೂತೆ, ರಾಜು ಬಾಯಿ ಮುಚ್ಚಿಕೊಂಡು ಹಿಂದಿನ ಮಂಚ ಹತ್ತಿದ. ಮಾಗಡಿ ರಸ್ತೆಗೆ ಬರುವಷ್ಟರಲ್ಲೇ ಸಾಲು ನಿಂತಿತ್ತು. ಲಾರಿ ನಿಂತಲ್ಲೇ ಗಡಗಡ ನಡುಗುತ್ತಿತ್ತು. ಕಾಲಡಿಯಿಂದ ಎಂಜಿನ್ನಿನ ಕಾವು ಏರಿತು, ಜೊತೆಗೆ ಡೀಸೆಲ್ ವಾಸನೆ, ಹೊಸ ರೆಕ್ಸಿನ್ ವಾಸನೆ, ಬೆಳಗಿನ ಉಪ್ಪಿಟ್ಟು. ಕಿವಿಯ ಹಿಂದೆ ತಣ್ಣನೆಯ ಬೆವರು ಬಂತು. ಬಾಬಣ್ಣ ನನ್ನ ಕಡೆ ನೋಡಿ, "ಅಕ್ಕ, ಹುಷಾರಾಗಿದೀರಾ?" ಎಂದ. ನಾನು ಉತ್ತರ ಕೊಡಲು ಬಾಯಿ ತೆರೆಯುವ ಸ್ಥಿತಿಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಬೆನ್ನ ಹಿಂದಿನ ಸಣ್ಣ ಕಿಟಕಿಯಿಂದ ಒಂದು ಕೈ ಬಂತು. ಅದರಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅರ್ಧ ನಿಂಬೆಹಣ್ಣು, ಒಣಶುಂಠಿಯ ಚೂರು. ರಾಜು ತನಗೆಂದು ಕಟ್ಟಿಕೊಂಡು ಬಂದದ್ದು. "ಅಕ್ಕ, ಕೆಳಗ್ ನೋಡ್ಬೇಡ. ದೂರಕ್ಕೆ ನೋಡು. ಅಪ್ಪ ನನಗೆ ಹಂಗೇ ಹೇಳ್ತಿದ್ರು" ಎಂದ. ನಾನು ದೂರಕ್ಕೆ ನೋಡಿದೆ. ದೂರದಲ್ಲಿ ಸಿಗ್ನಲ್ಲು ಕೆಂಪಾಗಿತ್ತು. ಉಪ್ಪಿಟ್ಟು ಕವರಿಗೆ ಬಂತು.

ಆ ಸಮಯಕ್ಕೆ ಸರಿಯಾಗಿ ಟ್ರಾಫಿಕ್ ಪೊಲೀಸಿನವನು ಬಂದು ಬಾಗಿಲು ತಟ್ಟಿದ. ಈ ಹೊತ್ತಿನಲ್ಲಿ ಲಾರಿ ಬಿಡುವುದಿಲ್ಲ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ. ಬಾಬಣ್ಣ ವಿಜಯನಗರ ಎನ್ನುವುದರೊಳಗೆ ರಾಜು ಹಿಂದಿನಿಂದ ಅಭ್ಯಾಸಬಲದಲ್ಲಿ ಅಮೃತಸರ ಎಂದ. ಪೊಲೀಸಿನವನು ಲಾರಿಯನ್ನು ನೋಡಿದ, ಬಾನೆಟ್ಟಿನ ಮೇಲಿನ ಚೆಂಡು ಹೂವನ್ನು ನೋಡಿದ, ಕೊನೆಗೆ ಕವರ್ ಹಿಡಿದ ನನ್ನನ್ನು ನೋಡಿದ. "ಅಮೃತಸರ ಇನ್ನೂ ದೂರ ಇದೆ ಆಂಟಿ. ಮೊದ್ಲು ಇಳಿದು ಸ್ವಲ್ಪ ನೀರ್ ಕುಡೀರಿ" ಎಂದು ಹೇಳಿ, ಬಾಬಣ್ಣನಿಗೆ ಬೈದು, ಬೇಗ ಸಾಗಹಾಕಿದ. ಮೂರು ಕಿಲೋಮೀಟರಿಗೆ ಮುಕ್ಕಾಲು ಗಂಟೆ, ಎರಡು ಕವರ್. ಬಕೀಟಿನ ವಿಷಯದಲ್ಲಿ ಅಪ್ಪ ಹೇಳಿದ್ದು ಸರಿ. ಅದಕ್ಕೇ ನನಗೆ ಇನ್ನಿಲ್ಲದ ಸಿಟ್ಟು. ಎದುರು ವಾದ ಮಾಡೋಣವೆಂದರೆ ಅವರು ಇಲ್ಲ.

ಬುಧವಾರ ಬೆಳಿಗ್ಗೆ ಬಾಬಣ್ಣ ಬಟ್ಟೆಯ ಚೀಲ ಹಿಡಿದು ಬಂದು, ಹೊರಡೋಣವಾ ಅಕ್ಕ ಎಂದು ಕೇಳಿದ. "ಮುಂದಿನ ಬೇಸಿಗೆ ರಜಕ್ಕೆ ನೋಡೋಣ ಬಾಬಣ್ಣ" ಎಂದು ಹೇಳಿದೆ. ನನ್ನ ಬಾಯಿಂದ ಬಂದದ್ದು ಅಪ್ಪನ ಮಾತು. ಲಾರಿಯನ್ನು ಮನೆಗೆ ತರುವ ಹಾಗಿಲ್ಲ, ಪರಸ್ಥಾನ ಮುರಿಯುತ್ತದೆ. ಹಾಗಾಗಿ ಅದು ವಿಜಯನಗರದಲ್ಲೇ ನಿಂತಿದೆ. ಈಗ ರಾಜುವಿನ ಬೀದಿಯವರು ಬೈಕು ತೆಗೆಯಲಾಗದೆ ಬೈದುಕೊಳ್ಳುತ್ತಾರೆ.

ಗೃಹಪ್ರವೇಶದ ದಿನ ಬಂತು. ಊಟದ ಹೊತ್ತಿಗೆ ನೆಂಟರು, ಗಿರಿಜಕ್ಕ ಲಾರಿಯಲ್ಲಿ ಹೋಗುತ್ತಾರೆ ಎಂದಿದ್ದರಲ್ಲ, ಏನಾಯಿತು ಎಂದು ಶುರುಮಾಡಿದರು. ನನ್ನ ಮುಖ ಬಿಸಿಯಾಯಿತು. ರಾಜು ಎಲೆಯಿಂದ ತಲೆ ಎತ್ತದೆ, "ಅಕ್ಕ ಹೊರಟಾಯ್ತಲ್ಲ. ಸೋಮವಾರನೇ ಮುಹೂರ್ತ ಆಗಿದೆ. ಗಾಡಿ ದಾರೀಲಿದೆ" ಎಂದ. ಯಾರಿಗೂ ಅರ್ಥವಾಗಲಿಲ್ಲ, ಆದರೂ ತಲೆದೂಗಿದರು. ಆಮೇಲೆ ಮಕ್ಕಳು ಲಸ್ಸಿಯ ಕಥೆ ಕೇಳಿದವು. ಅವನು ನನ್ನ ಕಡೆ ಒಮ್ಮೆ ಅಳುಕಿನಿಂದ ನೋಡಿ, ಗೋಧಿ ಹೊಲವನ್ನು ಬೇಗ ಬೇಗ ದಾಟಿಸಿ, ಲೋಟ ಎಷ್ಟೆತ್ತರ ಇತ್ತು ಎಂದು ತೋರಿಸಲು ಕೈಯನ್ನು ಮೊಣಕಾಲಿನ ಹತ್ತಿರ ಇಟ್ಟ. ಇಡೀ ಸಾಲು ನನ್ನನ್ನೇ ನೋಡುತ್ತಿತ್ತು. ಬಡಿಸುವವನು ಹಪ್ಪಳದ ಬುಟ್ಟಿ ಹಿಡಿದು ಹಿಂಜರಿದು ನಿಂತಿದ್ದ. ಅವನ ಕೈಯಿಂದ ಒಂದು ಹಪ್ಪಳ ಕಿತ್ತುಕೊಂಡು ಹೇಳಿದೆ:

"ಇಷ್ಟೇ ಇತ್ತೇನೋ? ಎದೆಮಟ್ಟ ಅಂತಿದ್ದೆ. ಸರಿಯಾಗಿ ಹೇಳು."