ನೀರಡಿಕೆಯಾಗದ ಗಂಡನ್ನು ಹುಡುಕಿಕೊಟ್ಟ ಆ್ಯಪಿಗೆ

ಫೋನಿನೊಳಗೆ ಕೂತು ಲೋಕದ ಒಂಟಿ ಜೀವಗಳಿಗೆ ಜೋಡಿ ಹುಡುಕುವ ಯಂತ್ರ ಮಹಾಶಯರ ಘನ ಸನ್ನಿಧಿಗೆ,

ಮಾನ್ಯರೇ,

ಲಿಂಗಸುಗೂರಿನಿಂದ ಬಸ್ ಕಂಡಕ್ಟರ್ ಭಾರತಿ ತಮಗೆ ಜೈಭೀಮ್ ಹೇಳುತ್ತಾಳೆ. ತಾವು ಕ್ಷೇಮವೆಂದೇ ನಂಬಿದ್ದೇನೆ. ತಮಗೆ ಜಾತಿಯಿಲ್ಲ, ಹೊಟ್ಟೆಯಿಲ್ಲ, ಲಗ್ನ ಯಾವಾಗ ಎಂದು ಕೇಳುವ ನೆಂಟರಿಲ್ಲ, ಕ್ಷೇಮವಾಗಿರದೆ ಇನ್ನೇನು.

ತಮ್ಮ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಬಸ್ಸು ಲಿಂಗಸುಗೂರು ಬಿಟ್ಟು ಮಸ್ಕಿ ದಾಟಿ ಸಿಂಧನೂರು ಮುಟ್ಟುವಷ್ಟರಲ್ಲಿ ತಾವು ಊರೂರಿನ ಗಂಡಸರನ್ನು 'ನಿಮ್ಮ ಸಮೀಪದಲ್ಲೇ ಇದ್ದಾರೆ' ಎಂದು ತೋರಿಸಿ, ಮುಂದಿನ ಸ್ಟಾಪ್ ಬರುವುದರೊಳಗೆ ಕಸಿದುಕೊಳ್ಳುತ್ತೀರಿ. ತಮ್ಮ ಪರದೆಯ ಮೇಲೆ ಹಿಮದ ಬೆಟ್ಟ ಹತ್ತುತ್ತಿದ್ದ ಮಹಾನುಭಾವನೊಬ್ಬ ಸಂತೆಕಲ್ಲೂರಿನಲ್ಲಿ ನನ್ನ ಬಸ್ಸನ್ನೇ ಹತ್ತಿದ. ಹೆಂಗಸರ ಸೀಟಿನಲ್ಲಿ ಕೂತು ಏಳಲೊಲ್ಲೆ ಎಂದ.

ಇಂಥವರನ್ನೆಲ್ಲ ಜರಡಿ ಹಿಡಿದು ತಾವು ನನಗಾಗಿ ಆರಿಸಿದ್ದು ವೀರೇಂದ್ರನನ್ನು. ವಳಕಮದಿನ್ನಿಯವನು, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ದೊಡ್ಡ ಮನೆತನ. 'ಜಾತಿ ನಂಬುವುದಿಲ್ಲ, ಬುದ್ಧ ಇಷ್ಟ, ಸ್ವತಂತ್ರ ಮನೋಭಾವದ ಹುಡುಗಿ ಬೇಕು' ಎಂದು ಬರೆದುಕೊಂಡಿದ್ದ. ನನ್ನ ಬಸ್ಸು ಮಸ್ಕಿಯಲ್ಲಿ ನಿಲ್ಲುವ ಹೊತ್ತಿಗೆ ಬೈಕಿನಲ್ಲಿ ಬಂದು ಚಹಾ ಕುಡಿಸುತ್ತಿದ್ದ. 'ನೀ ಸೀಟಿ ಊದಿದ್ರ ಅಷ್ಟು ದೊಡ್ಡ ಬಸ್ಸು ನಿಂದರತದ, ನಾ ಯಾವ ಲೆಕ್ಕ' ಎನ್ನುತ್ತಿದ್ದ. ಮುಚ್ಚಿಡುವುದೇಕೆ ಮಾನ್ಯರೇ, ನನಗೆ ಅವನು ಇಷ್ಟವಾಗಿದ್ದ. ಮೆರವಣಿಗೆಗಳಲ್ಲಿ ಗಂಟಲು ಹರಿದುಕೊಂಡು ಬೆಳೆದ ನಾನು ಒಬ್ಬ ಗಂಡಸಿನ ಫೋನಿಗಾಗಿ ಕಾದು ಕೂತೆ.

ಬೇಸಿಗೆಯ ಒಂದು ಮಧ್ಯಾಹ್ನ, ಕಾದ ಹೆಂಚಿನಂಥ ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಅವನು ನಮ್ಮ ಮನೆಗೆ ಬಂದ. ಗೋಡೆಯ ಮೇಲಿನ ಬಾಬಾಸಾಹೇಬರಿಗೂ ಬುದ್ಧನಿಗೂ ಕೈಮುಗಿದ. ನನ್ನವ್ವ ಬಸ್ಸಮ್ಮ ತಂಬಿಗೆಯಲ್ಲಿ ತಣ್ಣೀರು ತಂದು ಮುಂದಿಟ್ಟಳು. ಅವನ ತುಟಿ ಒಣಗಿ ಸಿಪ್ಪೆಯೆದ್ದಿತ್ತು. 'ಬ್ಯಾಡ್ರೀ ಅವ್ವಾರ, ಈಗ ಕುಡದು ಬಂದೀನಿ' ಎಂದ. ಚಹಾ ಎಂದರೆ ಪಿತ್ತವೆಂದ, ಊಟ ಎಂದರೆ ಉಪವಾಸವೆಂದ. ಅವನು ಹೋದ ಮೇಲೆ ತಂಬಿಗೆ ಎತ್ತಿಕೊಳ್ಳುತ್ತ ಅವ್ವ ಇಷ್ಟೇ ಅಂದಳು: 'ಅವಗ ಬುದ್ಧ ನಡೀತಾನಬೇ, ಬುದ್ಧನ ಮನಿ ನೀರು ನಡ್ಯಂಗಿಲ್ಲ.'

ಮಾರನೆಯ ದಿನ ಮಸ್ಕಿಯಲ್ಲಿ ಅವನನ್ನು ನೇರವಾಗಿ ಕೇಳಿದೆ. 'ನನ್ನ ಮನಸಿನ್ಯಾಗ ಏನೂ ಇಲ್ಲ ಭಾರತಿ, ಹುಟ್ಟಿದಾಗಿಂದ ಬಂದ ರೂಢಿ, ಹೊತ್ತು ಹಿಡೀತದ' ಎಂದ. ರೂಢಿಗೆ ಹೊತ್ತು ಕೊಡಬಹುದಿತ್ತೇನೋ. ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. 'ಲಗ್ನ ಆದಮ್ಯಾಗ ಸಿಂಧನೂರಾಗ ಬ್ಯಾರೆ ಮನಿ ಮಾಡೂಣು. ಈ ಕಂಡಕ್ಟರ್ ಕೆಲಸ ಬಿಟ್ಬಿಡು, ಮಂದಿ ಗುರ್ತು ಹಿಡೀತಾರ. ನಿಮ್ಮವ್ವ ಬೇಕಾದ್ರ ಫೋನಿನ್ಯಾಗ ಮಾತಾಡ್ಲಿ.' ಬಸ್ಸು ಹೊರಡುವ ಹೊತ್ತಾಗಿತ್ತು. ಹತ್ತಿ ಬಾಗಿಲು ಹಾಕಿಕೊಂಡೆ. ಅಂದು ಸಿಂಧನೂರು ಮುಟ್ಟುವವರೆಗೆ ಯಾರಿಗೆ ಯಾವ ಊರಿನ ಟಿಕೆಟ್ ಕೊಟ್ಟೆನೋ ನೆನಪಿಲ್ಲ.

ಇದರಲ್ಲಿ ತಮ್ಮ ತಪ್ಪೇನೂ ಇಲ್ಲ ಬಿಡಿ. ಗಂಡಿನ ಎತ್ತರ ಎಷ್ಟು, ಸಿಗರೇಟು ಸೇದುತ್ತಾನೋ ಇಲ್ಲವೋ, ನಾಯಿ ಇಷ್ಟವೋ ಬೆಕ್ಕು ಇಷ್ಟವೋ ಎಂದು ತಾವು ಎಷ್ಟು ಮುತುವರ್ಜಿಯಿಂದ ವಿಚಾರಿಸುತ್ತೀರಿ. ಹುಡುಗಿಯ ಮನೆಯಲ್ಲಿ ನೀರು ಕುಡಿಯುತ್ತೀಯಾ ಎಂಬ ಒಂದು ಪ್ರಶ್ನೆಯನ್ನೂ ಕೃಪೆಮಾಡಿ ಸೇರಿಸಬೇಕು. ಉತ್ತರವನ್ನು ಅವನ ಬಾಯಿಂದ ಪಡೆಯದೆ, ತಾವೇ ಖುದ್ದಾಗಿ ಅವನ ಅಡುಗೆಮನೆ ಹೊಕ್ಕು, ಕೂಲಿಯವರಿಗೆಂದು ಬೇರೆಯಿಟ್ಟ ಲೋಟ ಯಾವ ಮೂಲೆಯಲ್ಲಿದೆ ಎಂದು ನೋಡಿ ಬರಬೇಕು. 'ಸ್ವತಂತ್ರ ಹುಡುಗಿ ಬೇಕು' ಎಂದು ಬರೆದವರಿಂದ, ಆ ಸ್ವಾತಂತ್ರ್ಯ ಎಷ್ಟನೇ ತಾರೀಖಿನವರೆಗೆ ಬೇಕು ಎಂಬುದನ್ನೂ ಔಷಧಿ ಡಬ್ಬಿಯ ಮೇಲೆ ಇರುವಂತೆ ಬರೆಸಿಕೊಳ್ಳಬೇಕು. ಸಾಧ್ಯವಾದರೆ ಒಂದು ದಿನ ನನ್ನ ಹೆಗಲಿನ ಚೀಲ ತಾವು ಹಾಕಿಕೊಂಡು, ಮಸ್ಕಿ ಸಂತೆಯ ರಶ್ಶಿನಲ್ಲಿ ಟಿಕೆಟ್ ಕೊಟ್ಟು ನೋಡಬೇಕು. ಈ ಚೀಲ ಹೆಗಲಿಗೆ ಬರಲು ನನ್ನ ಹಿಂದಿನ ಎಷ್ಟು ಹೆಣ್ಣುಮಕ್ಕಳ ಬೆನ್ನು ಬಾಗಿದೆ ಎಂದು ಆಗ ತಿಳಿದೀತು.

ನನಗೆ ಪ್ರೀತಿ ಬೇಕು, ಮಾನ್ಯರೇ. ಈಗಲೂ ಬೇಕು. ಅವ್ವನನ್ನು ಫೋನಿನೊಳಗೆ ತುರುಕಿ, ಚೀಲವನ್ನು ಅಟ್ಟಕ್ಕೇರಿಸಿ, ಹೆಸರು ಹೇಳದೆ ಬದುಕುವುದಕ್ಕೆ ಪ್ರೀತಿ ಎಂದು ಹೆಸರಿಟ್ಟರೆ ಅದು ನನಗೆ ಬೇಡ. ವೀರೇಂದ್ರನಿಗೂ ಇದನ್ನೇ ಹೇಳಿ ಕಳಿಸಿದ್ದೇನೆ.

ವಿಶ್ವಾಸ ತೀರಾ ಬತ್ತಿಹೋಗದಿರುವ,
ತಮ್ಮ ವಿಶ್ವಾಸಿ
ಭಾರತಿ

ವಿ.ಸೂ.: ಅವನನ್ನು ಬ್ಲಾಕ್ ಮಾಡಿದ ಮಾರನೆಯ ದಿನವೇ ತಾವು ಮುದಗಲ್ಲಿನ ಭೀಮೇಶನನ್ನು 'ನಿಮಗೆ ಹೇಳಿ ಮಾಡಿಸಿದ ಜೋಡಿ' ಎಂದು ಕಳಿಸಿದಿರಿ. ಅವನು ನನ್ನ ಸೋದರಮಾವನ ಮಗ. ನಾನು ತೊಟ್ಟಿಲಲ್ಲಿದ್ದಾಗಲೇ ಓದುಬರಹ ಬಾರದ ನಮ್ಮಜ್ಜಿ ಇದೇ ಜೋಡಿ ಮಾಡಿಟ್ಟಿದ್ದಳು. ದೊಡ್ಡವಳಾಗಿ ನಾನು ಒಲ್ಲೆ ಎಂದಾಗ, 'ಒಲ್ಲೆಂದ್ರ ಬಿಡಬೇ, ಬಾಳ್ವೆ ಮಾಡಾಕಿ ನೀನು' ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡವಳು ಸಾಯುವವರೆಗೆ ಮತ್ತೆ ಆ ಮಾತೆತ್ತಲಿಲ್ಲ. ತಮಗೂ ನಾನು ಒಲ್ಲೆ ಎಂದೇ ಒತ್ತಿದ್ದೆ. ಇವತ್ತು ಬೆಳಿಗ್ಗೆ ತಾವು ಅವನನ್ನೇ ತೋರಿಸಿ ಮತ್ತೆ ಕೇಳಿದ್ದೀರಿ.